ಕಾಗದದ ಕಾರ್ಖಾನೆಯೊಂದಿಗೆ ಕರಾರು ಮಾಡಿಕೊಂಡರೆ ಮರ ಬೆಳೆಯುವ ರೈತನ ವರಮಾನ ನಿಜವಾಗಿ ಹೆಚ್ಚುತ್ತದೆಯೇ?

ಕೋಥ್ರುಡ್ ವಾಸಿ, ಹಳಿಯಾಳ ಮೂಲ

ಎಲ್ಲರಿಗೂ ನಮಸ್ಕಾರ. ಹದಿನೆಂಟು ವರ್ಷಗಳಿಂದ ನಾನು ಪುಣೆಯಲ್ಲಿದ್ದೇನೆ. ಹಳಿಯಾಳ ತಾಲ್ಲೂಕಿನ ಊರಿನಲ್ಲಿ ಅಣ್ಣ, ಅತ್ತಿಗೆ ಮತ್ತು ಎಪ್ಪತ್ತು ದಾಟಿದ ಅಪ್ಪ ಇದ್ದಾರೆ. ಗದ್ದೆಯ ಮೇಲಿನ ಮೂರೂವರೆ ಎಕರೆ ಹಕ್ಕಲಿನಲ್ಲಿ ಗೋವಿನಜೋಳ ಬೆಳೆಯುತ್ತಿದ್ದೆವು. ಕಾಡುಹಂದಿಯ ಕಾಟಕ್ಕೆ ಸೋತು ನಾಲ್ಕು ವರ್ಷಗಳಿಂದ ಅದನ್ನು ಬೀಳು ಬಿಟ್ಟಿದ್ದೇವೆ. ಕಳೆದ ತಿಂಗಳು ಒಂದು ಕಾಗದದ ಕಾರ್ಖಾನೆಯ ಪರವಾಗಿ ಇಬ್ಬರು ಮನೆಗೆ ಬಂದಿದ್ದರು. ನೀಲಗಿರಿ ಅಥವಾ ಸುಬಾಬುಲ್ ನೆಡಿ, ಸಸಿಯನ್ನು ಸಾಲವಾಗಿ ಕೊಡುತ್ತೇವೆ, ಐದನೆಯ ವರ್ಷ ಮರವನ್ನು ನಾವೇ ಕೊಳ್ಳುತ್ತೇವೆ, ಬೆಲೆ ಆ ದಿನದ ಕಾರ್ಖಾನೆ ದರ ಎಂದು ಹೇಳಿ ಕರಾರಿನ ನಮೂನೆಯನ್ನು ಬಿಟ್ಟುಹೋಗಿದ್ದಾರೆ.

ಸಸಿಯಿಂದ ಹಿಡಿದು ಕಡಿತ, ಸಾಗಣೆ, ತಯಾರಿಕೆಯವರೆಗೆ ಎಲ್ಲವೂ ಒಂದೇ ಸರಪಳಿಗೆ ಸೇರಿದರೆ ದಲ್ಲಾಳಿ ತಪ್ಪುತ್ತಾನೆ, ಅವನ ಪಾಲು ರೈತನಿಗೆ ಬರುತ್ತದೆ ಎಂಬುದು ಅವರ ಮಾತು. ಅಣ್ಣನಿಗೆ ಅದು ಸರಿಯೆನಿಸಿದೆ, ಅಪ್ಪನಿಗೆ ಮನಸ್ಸಿಲ್ಲ, ಕೊನೆಯ ಮಾತು ನೀನು ಹೇಳು ಎಂದು ಇಬ್ಬರೂ ನನ್ನ ಮೇಲೆ ಬಿಟ್ಟಿದ್ದಾರೆ. ಮುಂಬಯಿ, ಪುಣೆ, ಗೋವಾಗಳಲ್ಲಿರುವ ನಮ್ಮವರಲ್ಲಿ ಮರದ ವ್ಯಾಪಾರ ಬಲ್ಲವರು, ಊರಿನಲ್ಲಿ ತೋಟ-ಬೆಟ್ಟ ಉಳಿಸಿಕೊಂಡವರು ಬಹಳ ಮಂದಿ ಇದ್ದೀರಿ. ದಯವಿಟ್ಟು ತಿಳಿಸಿ.

ಡೊಂಬಿವಲಿ ವಾಸಿ

ಸಹಿ ಮಾಡಬೇಡಿ. "ಆ ದಿನದ ಕಾರ್ಖಾನೆ ದರ" ಎಂದರೆ ಬೆಲೆಯನ್ನು ಕೊಳ್ಳುವವನೇ ಬರೆಯುತ್ತಾನೆ ಎಂದರ್ಥ.

ಪಿಂಪ್ರಿ ವಾಸಿ, ದಾವಣಗೆರೆ ಮೂಲ

ಅಷ್ಟು ಬೇಗ ತೀರ್ಪು ಕೊಡುವುದು ಸರಿಯಲ್ಲ. ನನ್ನ ದೊಡ್ಡಪ್ಪನ ಮಕ್ಕಳು ಇಂಥದೇ ವ್ಯವಸ್ಥೆಯಲ್ಲಿ ಎರಡು ಕೊಯ್ಲು ತೆಗೆದಿದ್ದಾರೆ, ನಷ್ಟವಾಗಲಿಲ್ಲ. ಬೀಜದಿಂದ ಎಬ್ಬಿಸಿದ ಹಳೆಯ ನೀಲಗಿರಿಗೂ ಆಯ್ದ ತಾಯಿಮರದಿಂದ ಕಡ್ಡಿ ಕತ್ತರಿಸಿ ಬೆಳೆಸಿದ ಕ್ಲೋನ್ ಸಸಿಗೂ ಇಳುವರಿಯಲ್ಲಿ ಬಹಳ ಅಂತರವಿದೆ, ಆ ಸಸಿಗಳನ್ನು ರೈತರಿಗೆ ತಲುಪಿಸಿದವು ಬಹುಮಟ್ಟಿಗೆ ಕಾರ್ಖಾನೆಗಳೇ. ತೆಲಂಗಾಣದ ಭದ್ರಾಚಲಂನ ಕಾಗದದ ಕಾರ್ಖಾನೆ ಬೆಳೆಸಿದ ಕ್ಲೋನ್‌ಗಳ ಹೆಸರನ್ನು ಮರ ಬೆಳೆಯುವವರೆಲ್ಲ ಕೇಳಿರುತ್ತಾರೆ. ಬೀಳು ಬಿದ್ದ ನೆಲದಿಂದ ಈಗ ಬರುತ್ತಿರುವ ಆದಾಯವಾದರೂ ಎಷ್ಟು ಎಂದು ಮೊದಲು ಕೇಳಿಕೊಳ್ಳಬೇಕು.

ಠಾಣೆ ವಾಸಿ, ವೃತ್ತಿಯಿಂದ ವಕೀಲ

ಒಂದು ತಿದ್ದುಪಡಿ. 2017ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರವು ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿ ಆದೇಶ ಹೊರಡಿಸಿದೆ. ಆದ್ದರಿಂದ ಕರಾರಿನಲ್ಲಿ ನೀಲಗಿರಿ ಎಂದು ಬರೆದಿದ್ದರೆ ಅದನ್ನು ಹಿಡಿದುಕೊಂಡು ಮೊದಲು ವಲಯ ಅರಣ್ಯಾಧಿಕಾರಿಯ ಕಚೇರಿಗೆ ಹೋಗಿ ವಿಚಾರಿಸಿ. ನಿಷೇಧವಿರುವ ಸಸಿಯನ್ನು ಸಾಲದ ಮೇಲೆ ಪಡೆದರೆ ಸಾಲ ಉಳಿಯುತ್ತದೆ, ಮರ ಉಳಿಯುವುದು ಖಾತ್ರಿಯಿಲ್ಲ.

ರೇ ರೋಡ್ ಲಾಕಡ ಬಜಾರ್, ಕುಂದಾಪುರ ಮೂಲ

ಮೂವತ್ತೊಂದು ವರ್ಷಗಳಿಂದ ಮುಂಬಯಿಯಲ್ಲಿ ಮರದ ವ್ಯಾಪಾರದಲ್ಲಿ ಗುಮಾಸ್ತನಾಗಿ, ಆಮೇಲೆ ಪಾಲುದಾರನಾಗಿ ಇದ್ದೇನೆ. ರೈತನ ವರಮಾನ ಎಲ್ಲಿ ಸೋರುತ್ತದೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಅದು ಸೋರುವುದು ಹೆಚ್ಚಾಗಿ ಅಳತೆಯಲ್ಲಿ.

ದುಂಡು ಮರವನ್ನು ಅಳೆಯುವ ನಮ್ಮ ಹಳೆಯ ಪದ್ಧತಿ ಹೀಗಿದೆ: ದಿಮ್ಮಿಯ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದ ಅಂಕಿಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸುತ್ತೇವೆ. ಈ ಲೆಕ್ಕದಲ್ಲಿ ನಿಜವಾಗಿ ನೂರು ಘನ ಅಡಿ ಇರುವ ಮರ ಎಪ್ಪತ್ತೆಂಟೂವರೆ ಘನ ಅಡಿ ಎಂದು ಬರೆಯಲ್ಪಡುತ್ತದೆ. ಇದನ್ನು ಮೋಸವೆನ್ನಲಾಗದು. ಕೊಯ್ಯುವಾಗ ಹೋಗುವ ಹೊಟ್ಟು-ಸಿಪ್ಪೆಯನ್ನು ಮೊದಲೇ ಕಳೆಯುವ ರೂಢಿ ಇದು, ವ್ಯಾಪಾರಿಗಳಾದ ನಮ್ಮೆಲ್ಲರಿಗೂ ಗೊತ್ತಿರುವುದರಿಂದ ದರವೂ ಅದಕ್ಕೆ ಹೊಂದಿಕೊಂಡೇ ಇರುತ್ತದೆ. ಆದರೆ ಹೊಲದಲ್ಲಿ ನಿಂತ ಮರವನ್ನು ಕಣ್ಣಂದಾಜಿನಲ್ಲಿ "ಇಷ್ಟಕ್ಕೆ ಇಷ್ಟು" ಎಂದು ಕೊಟ್ಟುಬಿಡುವ ರೈತನಿಗೆ ಇದು ಗೊತ್ತಿಲ್ಲ. ಅವನು ನಿಂತ ಮರವನ್ನು ಮಾರುತ್ತಾನೆ, ಕೊಂಡವನು ಅದನ್ನು ಘನ ಅಡಿಯಾಗಿ ಮಾರುತ್ತಾನೆ.

ಕಾಗದದ ಮರಕ್ಕೆ ಅಳತೆ ಟನ್ನಿನಲ್ಲಿ. ಹಸಿ ಮರ ಕಡಿದ ಮರುದಿನದಿಂದಲೇ ತೂಕ ಕಳೆದುಕೊಳ್ಳತೊಡಗುತ್ತದೆ. ಲಾರಿ ಕಾರ್ಖಾನೆಯ ಬಾಗಿಲಲ್ಲಿ ನಾಲ್ಕು ದಿನ ಸರದಿಯಲ್ಲಿ ನಿಂತರೆ ಆ ನಾಲ್ಕು ದಿನದ ನೀರು ರೈತನ ಲೆಕ್ಕದಿಂದ ಹೋಗುತ್ತದೆ, ಲಾರಿ ನಿಂತ ಬಾಡಿಗೆಯೂ ಅವನ ಮೇಲೆಯೇ ಬೀಳುತ್ತದೆ. ಆದ್ದರಿಂದ ಹಳಿಯಾಳದ ತಮ್ಮನವರು ಕರಾರಿನಲ್ಲಿ ನೋಡಬೇಕಾದದ್ದು ದರವೊಂದನ್ನೇ ಅಲ್ಲ. ತೂಕ ಎಲ್ಲಿ ಆಗುತ್ತದೆ, ತೊಗಟೆ ಸುಲಿದು ಕೊಡಬೇಕೋ ಇಟ್ಟು ಕೊಡಬೇಕೋ, ಕಡಿಯುವ ಕೂಲಿ ಯಾರದು, ತೆಳ್ಳನೆಯ ತುದಿಗಳನ್ನು ಕೊಳ್ಳುತ್ತಾರೋ ಇಲ್ಲವೋ ಎಂಬುದೆಲ್ಲ ಬರವಣಿಗೆಯಲ್ಲಿ ಇರಬೇಕು. ಹೊಲದ ಹತ್ತಿರದ ಸಾರ್ವಜನಿಕ ತೂಕದ ಕಾಟಾದಲ್ಲಿ ಅದೇ ದಿನ ತೂಗಿಸುವಂತಿದ್ದರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

ಕೋಥ್ರುಡ್ ವಾಸಿ, ಹಳಿಯಾಳ ಮೂಲ

ರಾಯರೇ, ನಮೂನೆಯನ್ನು ಮತ್ತೆ ತೆಗೆದು ಓದಿದೆ. ತೂಕ ಕಾರ್ಖಾನೆಯ ಬಾಗಿಲಲ್ಲಿ, ಸಾಗಣೆ ರೈತನದು ಎಂದಿದೆ. ತೊಗಟೆಯ ಮಾತೇ ಇಲ್ಲ.

ಪುಣೆ ಸದಾಶಿವ ಪೇಟೆ, ಹಾವೇರಿ ಮೂಲ

ನಮ್ಮ ಜಿಲ್ಲೆಯವರಿಗೆ ಈ ಮಾತು ಬಂದಾಗಲೆಲ್ಲ ಕುಸನೂರು ನೆನಪಾಗುತ್ತದೆ. ಸರ್ಕಾರ ಮತ್ತು ಮರದ ತಿರುಳು ತಯಾರಿಸುವ ಹರಿಹರದ ಪಾಲಿಫೈಬರ್ಸ್ ಉದ್ದಿಮೆ ಸೇರಿ ಸ್ಥಾಪಿಸಿದ ಕರ್ನಾಟಕ ಪಲ್ಪ್‌ವುಡ್ಸ್ ಕಂಪನಿಗೆ ನೀಲಗಿರಿ ಬೆಳೆಯಲು ಸುಮಾರು 30,000 ಹೆಕ್ಟೇರ್ ನೆಲವನ್ನು ಕೊಡಲು ಹೊರಟಾಗ, ದನ ಮೇಯಿಸುವುದಕ್ಕೂ ಉರುವಲಿಗೂ ಅದನ್ನೇ ನಂಬಿದ್ದ ಹಳ್ಳಿಗರು 1987ರ ನವೆಂಬರ್ 14ರಂದು ಕುಸನೂರಿನಲ್ಲಿ ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಬೇಕಾದ ಸಸಿಗಳನ್ನು ನೆಟ್ಟರು. ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹವೆಂದು ಎಲ್ಲರೂ ಕರೆದದ್ದು ಅದನ್ನೇ. ಸಮಾಜ ಪರಿವರ್ತನ ಸಮುದಾಯದ ಎಸ್. ಆರ್. ಹಿರೇಮಠರು ಮುಂಚೂಣಿಯಲ್ಲಿದ್ದರು. ಉದ್ದಿಮೆಯ ಹಸಿವಿಗೆ ಹಳ್ಳಿಯನ್ನು ಜೋಡಿಸುವ ಮಾತು ಬಂದಾಗ ನನಗೆ ಭಯವಾಗುವುದು ಇದಕ್ಕೇ.

ಪಿಂಪ್ರಿ ವಾಸಿ, ದಾವಣಗೆರೆ ಮೂಲ

ಆ ಹೋರಾಟದ ಬಗ್ಗೆ ನನಗೆ ಗೌರವವಿದೆ. ಆದರೆ ಅದು ಊರೊಟ್ಟಿನ ನೆಲವನ್ನು ಕಂಪನಿಗೆ ಬಿಟ್ಟುಕೊಡುವ ಪ್ರಶ್ನೆಯಾಗಿತ್ತು. ಇಲ್ಲಿ ರೈತ ತನ್ನ ಪಹಣಿಯ ಜಮೀನಿನಲ್ಲಿ ತಾನೇ ಬೆಳೆದು ಮಾರುತ್ತಿದ್ದಾನೆ. ಕಾಡನ್ನು ಕಾರ್ಖಾನೆಗೆ ಕೊಡಬಾರದು, ಕಾರ್ಖಾನೆ ತನಗೆ ಬೇಕಾದ ಕಚ್ಚಾವಸ್ತುವನ್ನು ಬೆಳೆಗಾರರೊಂದಿಗೆ ನೇರ ಸಂಬಂಧ ಬೆಳೆಸಿಕೊಂಡು ಪಡೆಯಬೇಕು ಎಂದು 1988ರ ರಾಷ್ಟ್ರೀಯ ಅರಣ್ಯ ನೀತಿಯೇ ಹೇಳುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು.

ಪುಣೆ ಸದಾಶಿವ ಪೇಟೆ, ಹಾವೇರಿ ಮೂಲ

ವ್ಯತ್ಯಾಸವನ್ನು ಒಪ್ಪುತ್ತೇನೆ. ಆದರೂ ಆ ನೇರ ಸಂಬಂಧದಲ್ಲಿ ಬೆಲೆ ಕಟ್ಟುವವರು ಯಾರೆಂಬುದು ಎರಡೂ ಕಡೆ ಒಂದೇ ಪ್ರಶ್ನೆ.

ಔಂಧ್ ವಾಸಿ, ಅರ್ಥಶಾಸ್ತ್ರದ ನಿವೃತ್ತ ಅಧ್ಯಾಪಕ

ಬೆಲೆಯ ವಿಷಯದಲ್ಲಿ ನಮ್ಮ ದೇಶಕ್ಕೆ ಒಂದು ದೊಡ್ಡ ಅನುಭವವಾಗಿದೆ. 1980ರ ದಶಕದಲ್ಲಿ ಗುಜರಾತ್, ಹರಿಯಾಣ, ಪಶ್ಚಿಮ ಉತ್ತರ ಪ್ರದೇಶಗಳ ರೈತರು ಸಾಮಾಜಿಕ ಅರಣ್ಯ ಯೋಜನೆಯ ಸಸಿಗಳನ್ನು ಪಡೆದು ಭರದಿಂದ ನೀಲಗಿರಿ ನೆಟ್ಟರು. ದಶಕದ ಕೊನೆಗೆ ಎಲ್ಲರ ಮರವೂ ಒಟ್ಟಿಗೆ ಕಡಿತಕ್ಕೆ ಬಂದು ಬೆಲೆ ಕುಸಿಯಿತು, ಅನೇಕರು ಬೇರು ಅಗೆಸಲು ಕೈಯಿಂದ ದುಡ್ಡು ಹಾಕಿ ಮತ್ತೆ ಗೋಧಿ, ಕಬ್ಬಿಗೆ ಮರಳಿದರು. ಆಗ ಕಾರ್ಖಾನೆಗಳಿಗೆ ಸರ್ಕಾರಿ ಕಾಡಿನಿಂದ ಅಗ್ಗದ ಮರ ಸಿಗುತ್ತಿದ್ದುದೂ ಬೆಲೆ ಏಳದಿರಲು ಕಾರಣವಾಗಿತ್ತು. ಕರಾರು ಇದ್ದಿದ್ದರೆ ಆ ರೈತರಿಗೆ ಕೊಳ್ಳುವವನಾದರೂ ಇರುತ್ತಿದ್ದ ಎಂಬುದು ನಿಜ. ಆದ್ದರಿಂದ ಕರಾರನ್ನೇ ಬೇಡವೆನ್ನುವುದು ನನ್ನ ಅಭಿಪ್ರಾಯವಲ್ಲ. ಕನಿಷ್ಠ ಬೆಲೆಯಿಲ್ಲದ ಕರಾರು ರೈತನನ್ನು ಕಟ್ಟಿಹಾಕುತ್ತದೆ, ಕಾರ್ಖಾನೆಯನ್ನು ಕಟ್ಟಿಹಾಕುವುದಿಲ್ಲ ಎಂಬುದಷ್ಟೇ ನನ್ನ ಆಕ್ಷೇಪ.

ಚೀನಾದ ಉದಾಹರಣೆಯನ್ನು ಈ ವಿಷಯದಲ್ಲಿ ಬಹಳ ಹೇಳುತ್ತಾರೆ. ಅಲ್ಲಿ 2003ರಲ್ಲಿ ಫೂಜಿಯಾನ್ ಪ್ರಾಂತದಲ್ಲಿ ಆರಂಭವಾಗಿ 2008ರಲ್ಲಿ ದೇಶಕ್ಕೆಲ್ಲ ಹರಡಿದ ಸುಧಾರಣೆಯು ಸಾಮೂಹಿಕ ಕಾಡಿನ ಬಳಕೆಯ ಹಕ್ಕನ್ನು ಮನೆಮನೆಗೆ 70 ವರ್ಷಗಳ ಅವಧಿಗೆ ಕೊಟ್ಟಿತು. ಝೆಜಿಯಾಂಗ್ ಪ್ರಾಂತದ ಆಂಜಿಯಲ್ಲಿ ಬಿದಿರು ಬೆಳೆ, ಬಿದಿರಿನ ಹಲಗೆ-ಚಾಪೆಯ ಕಾರ್ಖಾನೆ, ಬಿದಿರು ಕಾಡು ನೋಡಲು ಬರುವ ಪ್ರವಾಸಿಗರ ವಸತಿ ಇವೆಲ್ಲ ಒಂದೇ ಕೌಂಟಿಯೊಳಗೆ ಬೆಳೆದವು. ನಮ್ಮವರು ಅಲ್ಲಿಂದ ಕಾರ್ಖಾನೆಯ ಭಾಗವನ್ನು ಮಾತ್ರ ಎತ್ತಿಕೊಂಡು, ಮನೆಮನೆಗೆ ಹಕ್ಕನ್ನೂ ಕೊಟ್ಟರು ಎಂಬುದನ್ನು ಹೇಳದೆ ಬಿಡುತ್ತಾರೆ.

ವಾಳಪೈ, ಗೋವಾ, ಗದಗ ಮೂಲ

ನಾನು ಕಾಗದದ ಮರದ ಬಗ್ಗೆ ಹೇಳಲಾರೆ, ಗೇರಿನ ಬಗ್ಗೆ ಹೇಳಬಲ್ಲೆ. ಇಪ್ಪತ್ತೆರಡು ವರ್ಷಗಳ ಹಿಂದೆ ಗೇರುಬೀಜದ ಕಾರ್ಖಾನೆಯಲ್ಲಿ ಮೂಟೆ ಹೊರುವ ಕೆಲಸಕ್ಕೆ ಬಂದವನು ನಾನು. ಈಗ ನನ್ನ ಹೆಂಡತಿಯ ತವರಿನವರ ಗುಡ್ಡದ ತೋಟವನ್ನು ಗೇಣಿಗೆ ನೋಡಿಕೊಳ್ಳುತ್ತೇನೆ. ಆದ್ದರಿಂದ ಎರಡೂ ತುದಿಗಳನ್ನು ಕಂಡಿದ್ದೇನೆ.

ಸುಮಾರು ನಾಲ್ಕು ಕಿಲೋ ಕಚ್ಚಾ ಬೀಜದಿಂದ ಒಂದು ಕಿಲೋ ಗೋಡಂಬಿ ಬರುತ್ತದೆ. ಹಬೆಯಲ್ಲಿ ಬೇಯಿಸುವುದು, ಒಡೆಯುವುದು, ಒಣಗಿಸುವುದು, ಸಿಪ್ಪೆ ತೆಗೆಯುವುದು, ಆಮೇಲೆ 180, 240, 320 ಎಂದು ಗಾತ್ರದ ಪ್ರಕಾರ ವಿಂಗಡಿಸುವುದು. ಚಿಪ್ಪಿನಿಂದ ಬರುವ ಎಣ್ಣೆಗೂ ಗಿರಾಕಿ ಇದ್ದಾನೆ. ಬೆಲೆ ಏರುವುದೆಲ್ಲ ಬೀಜ ತೋಟದ ಗಡಿ ದಾಟಿದ ಮೇಲೆ. ಮಾರ್ಚ್‌ನಿಂದ ಮೇ ತನಕ ಬಿಸಿಲಲ್ಲಿ ಬಗ್ಗಿ ಹೆಕ್ಕಿದವರಿಗೆ ಸಿಗುವುದು ಕಚ್ಚಾ ಬೀಜದ ದರ ಮಾತ್ರ, ಆ ದರವೂ ಆಫ್ರಿಕಾದಿಂದ ಬರುವ ಬೀಜದ ಹಡಗನ್ನು ನೋಡಿಕೊಂಡು ಏರಿಳಿಯುತ್ತದೆ. 2023ರಲ್ಲಿ ಗೋವಾ ಸರ್ಕಾರ ಬೆಂಬಲ ಬೆಲೆಯನ್ನು ಕಿಲೋಗೆ 150 ರೂಪಾಯಿಗೆ ಏರಿಸಿದ್ದರಿಂದಲೇ ನಮ್ಮಂಥವರು ಆ ವರ್ಷ ಉಸಿರಾಡಿದೆವು.

ಹಣ್ಣಿನ ಕತೆ ಬೇರೆ. ಹಣ್ಣು ತೂಕದಲ್ಲಿ ಬೀಜದ ಆರೇಳು ಪಟ್ಟು ಇರುತ್ತದೆ, ಉಳಿದ ರಾಜ್ಯಗಳಲ್ಲಿ ಅದು ಬಹುತೇಕ ಕೊಳೆತು ಮಣ್ಣಾಗುತ್ತದೆ. ಇಲ್ಲಿ ಅದನ್ನು ಹಿಂಡಿ, ಹುಳಿ ಬರಿಸಿ, ಒಮ್ಮೆ ಭಟ್ಟಿ ಇಳಿಸಿದರೆ ಉರಾಕ್, ಮತ್ತೊಮ್ಮೆ ಇಳಿಸಿದರೆ ಫೆನಿ. 2009ರಲ್ಲಿ ಗೇರು ಫೆನಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಬಂತು. ನಮ್ಮ ಮಾವನವರ ಮನೆಯಲ್ಲಿ ಭಟ್ಟಿ ಇದ್ದ ವರ್ಷಗಳಲ್ಲಿ ಹಣ್ಣಿನ ದುಡ್ಡು ಮಳೆಗಾಲದ ಅಕ್ಕಿಗೆ ಆಗುತ್ತಿತ್ತು. ಭಟ್ಟಿ ಬೇರೆಯವರ ಕೈಗೆ ಹೋದ ವರ್ಷಗಳಲ್ಲಿ ಅದೇ ತೋಟ, ಅದೇ ಹಣ್ಣು, ಆದರೆ ಅವರು ಹೇಳಿದ ಬೆಲೆಗೆ ಅವರ ಕಟ್ಟೆಗೇ ಹೊತ್ತುಹಾಕಬೇಕಾಯಿತು. ತೋಟ ನಮ್ಮದಾಗಿದ್ದರಿಂದ ಬಂದ ವರಮಾನಕ್ಕಿಂತ ಭಟ್ಟಿ ನಮ್ಮದಾಗಿದ್ದರಿಂದ ಬಂದ ವರಮಾನ ದೊಡ್ಡದು ಎಂದು ನನಗೆ ತಿಳಿದದ್ದು ಹಾಗೆ.

ಗೋರೆಗಾಂವ್ ವಾಸಿ, ಶಿರಸಿ ಮೂಲ

ವಾಳಪೈಯ ಅಣ್ಣನವರ ಕೊನೆಯ ಸಾಲನ್ನು ಎರಡು ಸಲ ಓದಿದೆ. ನನ್ನ ತವರಿನಲ್ಲಿ ಇದೇ ಮಾತನ್ನು ಉಪ್ಪಾಗೆ ಎಂಬ ಹುಳಿ ಕಾಡುಹಣ್ಣು ಕಲಿಸಿತು.

ನಾನು ಚಿಕ್ಕವಳಿದ್ದಾಗ ಉಪ್ಪಾಗೆ ಎಂದರೆ ಮೀನಿನ ಸಾರಿಗೆ ಹುಳಿಯೆಂದು ಕೇರಳದ ಕಡೆಗೆ ಹೋಗುವ ಒಣಸಿಪ್ಪೆ. ಬೀಜದಿಂದ ನಾವು ತುಪ್ಪ ತೆಗೆದುಕೊಳ್ಳುತ್ತಿದ್ದೆವು. 1990ರ ದಶಕದಲ್ಲಿ ಆ ಸಿಪ್ಪೆಯ ಆಮ್ಲದಿಂದ ಮೈ ಇಳಿಸುವ ಔಷಧಿ ಮಾಡುತ್ತಾರೆಂದು ವಿದೇಶದಿಂದ ಬೇಡಿಕೆ ಬಂದು, ನೋಡನೋಡುತ್ತಿದ್ದಂತೆ ದರ ಏರಿತು. ಹಣ್ಣಾಗುವ ತನಕ ಕಾದರೆ ಬೇರೆಯವರು ಕೊಯ್ಯುತ್ತಾರೆಂಬ ಹೆದರಿಕೆಗೆ ಜನ ಕಾಯನ್ನೇ ಕೊಯ್ದರು, ಕೊಂಬೆಗಳನ್ನೇ ಕಡಿದರು. ಕೊಯ್ಲು ಬರುವುದು ನಡು ಮಳೆಗಾಲದಲ್ಲಿ. ಬಿಸಿಲಿಲ್ಲದ್ದರಿಂದ ಹೊಗೆ ಅಟ್ಟದ ಮೇಲೆ ಹಗಲು ರಾತ್ರಿ ಬೆಂಕಿ ಹಾಕಿ ಒಣಗಿಸಬೇಕು. ನನ್ನ ಆಯಿ ಮೂರು ರಾತ್ರಿ ನಿದ್ದೆಯಿಲ್ಲದೆ, ಕಣ್ಣು ಕೆಂಪಾಗಿಸಿಕೊಂಡು ಒಲೆಯ ಮುಂದೆ ಕೂತಿದ್ದುದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಅಷ್ಟು ಮಾಡಿ ಒಯ್ದರೆ ಗುತ್ತಿಗೆದಾರನ ಆಳು ಮುಟ್ಟಿ ನೋಡಿ "ತೇವ ಇದೆ" ಎಂದು ಕಿಲೋಗೆ ಇಷ್ಟು ಎಂದು ಕಳೆಯುತ್ತಿದ್ದ. ತೇವ ಎಷ್ಟಿದೆಯೆಂದು ತೋರಿಸುವ ಯಂತ್ರ ಅವನ ಹತ್ತಿರವೂ ಇರಲಿಲ್ಲ, ನಮ್ಮ ಹತ್ತಿರವೂ ಇರಲಿಲ್ಲ. ಅವನ ಬೆರಳೇ ಯಂತ್ರ. ಒಂದು ವರ್ಷ ಬೇಡಿಕೆ ಬಿದ್ದುಹೋಯಿತು, ಆ ವರ್ಷದ ಎರಡು ಚೀಲ ನಮ್ಮ ಅಟ್ಟದ ಮೇಲೆಯೇ ಉಳಿಯಿತು.

ಆಮೇಲೆ ಶಿರಸಿಯಲ್ಲಿ ಸಹಕಾರಿ ಸಂಸ್ಥೆಗಳು ಕಾಡುತ್ಪನ್ನವನ್ನು ಕೊಳ್ಳಲು ಮುಂದೆ ಬಂದವು, ಕಡಿಮೆ ಸೌದೆಯಲ್ಲಿ ಒಣಗಿಸುವ ಒಲೆಗಳೂ ಬಂದವು. ಕೊಳ್ಳುವವರು ಇಬ್ಬರಾದ ದಿನ ಗುತ್ತಿಗೆದಾರನ ಮಾತಿನ ಧಾಟಿಯೇ ಬದಲಾಯಿತು ಎಂದು ಆಯಿ ಹೇಳುತ್ತಿದ್ದರು. ನನ್ನ ವಿನಂತಿ ಇಷ್ಟು: ಈ ಲೆಕ್ಕದಲ್ಲಿ ಹೆಂಗಸರ ದುಡಿಮೆಯನ್ನು ಸೇರಿಸಿಕೊಳ್ಳಿ. ಕಾಡಿನ ಉತ್ಪನ್ನವನ್ನು ಹೆಕ್ಕುವವರು, ಒಣಗಿಸುವವರು, ಗೇರು ಕಾರ್ಖಾನೆಯಲ್ಲಿ ಒಡೆಯುವವರು ಹೆಚ್ಚಾಗಿ ಅವರೇ, ದುಡ್ಡಿನ ಚೀಟಿಯಲ್ಲಿ ಮಾತ್ರ ಅವರ ಹೆಸರು ಇರುವುದಿಲ್ಲ.

ಡೊಂಬಿವಲಿ ವಾಸಿ

ಅಕ್ಕಾ, ನಿಮ್ಮ ಆಯಿಯವರಿಗೆ ನನ್ನ ನಮಸ್ಕಾರ ತಿಳಿಸಿ.

ಮುಲುಂಡ್ ವಾಸಿ

ಸಾಗುವಾನಿ ಯೋಜನೆಗಳನ್ನು ಯಾರೂ ನೆನಪಿಸಲಿಲ್ಲ. 1990ರ ದಶಕದಲ್ಲಿ ನಮ್ಮ ಚಾಳಿನ ಏಳೆಂಟು ಮನೆಯವರು, ಇಪ್ಪತ್ತು ವರ್ಷಕ್ಕೆ ಒಂದು ಮರ ಲಕ್ಷವಾಗುತ್ತದೆಂದು ನಂಬಿ ಒಂದು ತೋಟದ ಕಂಪನಿಗೆ ಹಣ ಕಟ್ಟಿದರು. ನನ್ನ ತಂದೆಯವರ ಭವಿಷ್ಯ ನಿಧಿಯ ದುಡ್ಡೂ ಅದರಲ್ಲಿ ಹೋಯಿತು. ಕಂಪನಿಯ ಕಚೇರಿಗೆ ಬೀಗ ಬಿದ್ದ ಮೇಲೆ ಆ ತೋಟ ಎಲ್ಲಿದೆಯೆಂದು ಹುಡುಕಿಕೊಂಡು ಹೋದವರಿಗೆ ಕಂಡದ್ದು ಕುರುಚಲು. ಇಂಥವು ಸಾಲುಸಾಲಾಗಿ ಮುಳುಗಿದ ಮೇಲೆ, 1999ರಲ್ಲಿ ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ ಸಾಮೂಹಿಕ ಹೂಡಿಕೆ ಯೋಜನೆಗಳಿಗೆ ನಿಯಮ ತಂದಿತು. ಈಗ ಹೆಬ್ಬೇವು, ಮಹಾಗನಿಯ ಹೆಸರಿನಲ್ಲಿ ಅದೇ ಮಾತು ಕೇಳಿಬರುತ್ತಿದೆ. ಮರಳಿ ಕೊಳ್ಳುತ್ತೇವೆ ಎನ್ನುವ ಸಂಸ್ಥೆಗೆ ಸ್ವಂತ ಕಾರ್ಖಾನೆ ಇದೆಯೇ, ಅದು ಈಗ ಓಡುತ್ತಿದೆಯೇ ಎಂದು ಹೋಗಿ ನೋಡಿಬನ್ನಿ.

ಔಂಧ್ ವಾಸಿ, ಅರ್ಥಶಾಸ್ತ್ರದ ನಿವೃತ್ತ ಅಧ್ಯಾಪಕ

ಬಿದಿರಿನ ಬಗ್ಗೆ ಒಂದು ಮಾತು ಸೇರಿಸಬೇಕು. ಪುಣೆಯಲ್ಲಿ ಹುಟ್ಟಿ ಬೆಳೆದ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಕರ್ನಾಟಕದ ಬಿದಿರಿನ ಅಧ್ಯಯನವನ್ನು ಕೈಗೆತ್ತಿಕೊಂಡದ್ದು 1975ರಲ್ಲಿ, ಬುಟ್ಟಿ ಹೆಣೆಯುವವರು ತಮಗೆ ಬಿದಿರು ಸಿಗುತ್ತಿಲ್ಲವೆಂದು ದೂರಿದ ಹಿನ್ನೆಲೆಯಲ್ಲಿ. ಮೆಳೆಯ ಬುಡದ ಮುಳ್ಳನ್ನು ಸವರಿದರೆ ಬಿದಿರು ಚೆನ್ನಾಗಿ ಬೆಳೆಯುತ್ತದೆಂದು ಅರಣ್ಯ ಇಲಾಖೆಯವರು ನಂಬಿದ್ದರು, ಮುಳ್ಳು ಸವರಿದರೆ ಕಳಲೆಯನ್ನು ಪ್ರಾಣಿಗಳು ತಿಂದುಬಿಡುತ್ತವೆಂದು ಹಳ್ಳಿಗರು ಹೇಳುತ್ತಿದ್ದರು. ಅಳೆದು ನೋಡಿದಾಗ ಹಳ್ಳಿಗರ ಮಾತೇ ನಿಜವಾಯಿತು. ಬಿದಿರು ಕಡಿಮೆಯಾದಾಗ ಅದರಿಂದ ಕಾಗದ ಮಾಡುವ ಕಾರ್ಖಾನೆ ದೂರದ ರಾಜ್ಯಗಳಿಂದ ತರಿಸಿಕೊಳ್ಳಬಲ್ಲದು. ಬುಟ್ಟಿ ಹೆಣೆಯುವ ಮೇದಾರರು ಎಲ್ಲಿಂದ ತರಬೇಕು?

ಇನ್ನೊಂದು ದಾರಿಯೂ ಇದೆ ಎಂಬುದಕ್ಕೆ ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಮೇಂಢಾ-ಲೇಖಾ ಗ್ರಾಮ ಸಾಕ್ಷಿ. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2009ರಲ್ಲಿ ಆ ಗ್ರಾಮಸಭೆಗೆ ಸುಮಾರು 1,800 ಹೆಕ್ಟೇರ್ ಕಾಡಿನ ಸಾಮುದಾಯಿಕ ಹಕ್ಕು ಸಿಕ್ಕಿತು. ಬಿದಿರು ಸಾಗಣೆಯ ಪರವಾನಿಗೆ ಪುಸ್ತಕವೂ 2011ರ ಏಪ್ರಿಲ್‌ನಲ್ಲಿ ಅವರ ಕೈಗೇ ಬಂತು. ಅಂದಿನಿಂದ ಬಿದಿರನ್ನು ಯಾರಿಗೆ, ಯಾವ ದರಕ್ಕೆ ಮಾರಬೇಕೆಂದು ಅವರೇ ತೀರ್ಮಾನಿಸಿದರು. ಕೊಂಡವರು ಉದ್ದಿಮೆಯವರೇ, ಆದರೆ ಮಾತು ಸಮಸಮ ಕೂತು ನಡೆಯಿತು.

ಮಾಪುಸಾ ವಾಸಿ, ಕಾರವಾರ ಮೂಲ

ಬಿದಿರಿನ ಮಾತು ಬಂದದ್ದರಿಂದ ಹೇಳುತ್ತೇನೆ. ಕೆಲಸದ ನಿಮಿತ್ತ ವಾರಕ್ಕೊಮ್ಮೆ ಸಿಂಧುದುರ್ಗದ ಕುಡಾಳಕ್ಕೆ ಹೋಗಿಬರುತ್ತೇನೆ. ಅಲ್ಲಿಯ ರೈತರು ಗದ್ದೆಯ ಬದುವಿನಲ್ಲಿ, ಮನೆಯ ಹಿತ್ತಿಲಲ್ಲಿ ಮಾಣಗಾ ಎಂಬ ಬಿದಿರನ್ನು ಬೆಳೆಸುತ್ತಾರೆ. ನಮ್ಮ ಕಡೆ ಸೀಮೆ ಬಿದಿರು ಎನ್ನುವುದು ಇದನ್ನೇ. ಮುಳ್ಳಿಲ್ಲ, ಒಳಗೆ ಬಹುತೇಕ ಗಟ್ಟಿ, ನೆಟ್ಟ ನಾಲ್ಕೈದು ವರ್ಷಕ್ಕೆ ಕೊಯ್ಲಿಗೆ ಬಂದ ಮೇಲೆ ಪ್ರತಿ ವರ್ಷ ಬಲಿತ ಗಳಗಳನ್ನಷ್ಟೇ ಆರಿಸಿ ಕಡಿಯಬಹುದು. ಗಳ ಲೆಕ್ಕದಲ್ಲಿ ಮಾರಾಟವಾಗುವುದರಿಂದ ತೇವ, ತೂಕಗಳ ತಂಟೆ ಇಲ್ಲ. ಟೊಮ್ಯಾಟೊ, ದ್ರಾಕ್ಷಿಯ ಆಸರೆ ಕಂಬಕ್ಕೆ ಘಟ್ಟದ ಮೇಲಿನವರು ಕೊಳ್ಳುತ್ತಾರೆ, ಪೀಠೋಪಕರಣದವರು ಕೊಳ್ಳುತ್ತಾರೆ, ಕುಡಾಳದಲ್ಲಿ 2004ರಿಂದ ಬಿದಿರು ಕೆಲಸದ ತರಬೇತಿ ಮತ್ತು ತಯಾರಿಕೆಯ ಕೇಂದ್ರವೊಂದು ನಡೆಯುತ್ತಿದೆ. ಕೊಳ್ಳುವವರು ಮೂರು ಬಗೆಯವರು ಇರುವುದರಿಂದ ಒಬ್ಬನ ದರ ಒಪ್ಪದಿದ್ದರೆ ರೈತ ಇನ್ನೊಬ್ಬನನ್ನು ಕರೆಯುತ್ತಾನೆ. ಕರೆಯದೆ ಒಂದು ವರ್ಷ ಬಿಟ್ಟರೂ ಮೆಳೆ ಎಲ್ಲಿಗೂ ಹೋಗುವುದಿಲ್ಲ.

ಠಾಣೆ ವಾಸಿ, ವೃತ್ತಿಯಿಂದ ವಕೀಲ

ಅದಕ್ಕೆ ಕಾನೂನಿನ ಅನುಕೂಲವೂ ಇದೆ. 2017ರ ಕೊನೆಯಲ್ಲಿ 1927ರ ಭಾರತೀಯ ಅರಣ್ಯ ಕಾಯ್ದೆಗೆ ತಿದ್ದುಪಡಿ ತಂದು, ಹೊಲದಲ್ಲಿ ಬೆಳೆದ ಬಿದಿರಿಗೆ ಆ ಕಾಯ್ದೆಯ ಕಡಿತ-ಸಾಗಣೆಯ ನಿರ್ಬಂಧ ತಗಲದಂತೆ, ಬಿದಿರನ್ನು "ಮರ" ಎಂಬ ವ್ಯಾಖ್ಯೆಯಿಂದ ತೆಗೆದುಹಾಕಲಾಗಿದೆ. ಶ್ರೀಗಂಧದ ಇತಿಹಾಸವನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ; 2001ರ ತಿದ್ದುಪಡಿಯ ತನಕ ಕರ್ನಾಟಕದಲ್ಲಿ ತನ್ನ ಹೊಲದಲ್ಲಿ ಬೆಳೆದ ಗಂಧದ ಮರಕ್ಕೂ ರೈತ ಮಾಲೀಕನಾಗಿರಲಿಲ್ಲ. ಇನ್ನೊಂದು ಮಾತು: ಕರ್ನಾಟಕ ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಬದುಕುಳಿದ ಪ್ರತಿ ಸಸಿಗೆ ಮೂರು ವರ್ಷಗಳಲ್ಲಿ 35, 40, 50ರಂತೆ ಒಟ್ಟು 125 ರೂಪಾಯಿ ಪ್ರೋತ್ಸಾಹಧನವನ್ನು ನಿಗದಿಪಡಿಸಲಾಗಿದೆ. ನೀಲಗಿರಿ, ಅಕೇಶಿಯಾ, ಸಿಲ್ವರ್ ಓಕ್‌ಗಳಿಗೆ ಅದು ಅನ್ವಯಿಸದು. ಯಾವ ಸಸಿಗಳಿಗೆ ಅನ್ವಯಿಸುತ್ತದೆ ಎಂಬ ಪಟ್ಟಿಯನ್ನು ವಲಯ ಕಚೇರಿಯಲ್ಲಿ ಕೇಳಿ ಪಡೆಯಿರಿ.

ಪಿಂಪ್ರಿ ವಾಸಿ, ದಾವಣಗೆರೆ ಮೂಲ

ಬಿದಿರು ಒಳ್ಳೆಯದೇ. ಆದರೆ ಕುಡಾಳದಲ್ಲಿ ಕೊಳ್ಳುವವರಿರುವುದು ಹಳಿಯಾಳಕ್ಕೆ ಹೇಗೆ ಉಪಕಾರವಾಗುತ್ತದೆ? ಮೂರೂವರೆ ಎಕರೆಯ ಒಬ್ಬ ರೈತನಿಗಾಗಿ ಲಾರಿ ಬರುವುದಿಲ್ಲ. ಕಾರ್ಖಾನೆಯಾದರೂ ಊರ ಹತ್ತಿರ ಇದೆ. ಕರಾರನ್ನು ಹರಿದೊಗೆಯುವ ಬದಲು ತಿದ್ದಿಸಿಕೊಳ್ಳುವುದು ಜಾಣತನ ಎಂದು ಈಗಲೂ ಹೇಳುತ್ತೇನೆ.

ರೇ ರೋಡ್ ಲಾಕಡ ಬಜಾರ್, ಕುಂದಾಪುರ ಮೂಲ

ಪಿಂಪ್ರಿಯವರ ಈ ಮಾತು ಸರಿ. ಒಂದು ಲಾರಿ ತುಂಬದ ರೈತನಿಗೆ ಯಾವ ಮರವೂ ಲಾಭ ಕೊಡುವುದಿಲ್ಲ. ಅಕ್ಕಪಕ್ಕದ ಹತ್ತು ಮನೆಯವರು ಒಂದೇ ಜಾತಿಯನ್ನು ನೆಟ್ಟು ಒಟ್ಟಿಗೆ ಕಡಿದರೆ ವ್ಯಾಪಾರಿ ಬಾಗಿಲಿಗೆ ಬರುತ್ತಾನೆ, ಕಾರ್ಖಾನೆಯವರೂ ಕರಾರು ತಿದ್ದಲು ಒಪ್ಪುತ್ತಾರೆ. ಒಬ್ಬರೇ ಹೋದರೆ ನಮೂನೆಯ ಒಂದಕ್ಷರವೂ ಬದಲಾಗದು.

ಕೋಥ್ರುಡ್ ವಾಸಿ, ಹಳಿಯಾಳ ಮೂಲ

ಎಲ್ಲರ ಬರಹಗಳನ್ನೂ ನಿನ್ನೆ ರಾತ್ರಿ ಫೋನಿನಲ್ಲಿ ಅಣ್ಣನಿಗೆ ಓದಿಹೇಳಿದೆ. ಅಪ್ಪನೂ ಪಕ್ಕದಲ್ಲಿ ಕೂತು ಕೇಳಿದರು. ಶಿರಸಿಯ ಅಕ್ಕನವರ ಆಯಿಯ ಮಾತಿಗೆ ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ತಮ್ಮ ಕಾಲದಲ್ಲಿ ದಾಲ್ಚಿನ್ನಿ ಎಲೆ ಕೊಟ್ಟಾಗಲೂ ಹೀಗೇ ಆಗಿತ್ತು ಎಂದಷ್ಟೇ ಹೇಳಿದರು.

ನಾವು ಮಾಡಿರುವ ಯೋಚನೆ ಹೀಗಿದೆ. ನೀಲಗಿರಿ ಬೇಡ. ಒಂದೂವರೆ ಎಕರೆಗೆ ಸುಬಾಬುಲ್ ಹಾಕುತ್ತೇವೆ, ಆದರೆ ಮೂರು ತಿದ್ದುಪಡಿಗಳಿಗೆ ಒಪ್ಪಿದರೆ ಮಾತ್ರ: ಹೊಲದ ಹತ್ತಿರದ ಕಾಟಾದಲ್ಲಿ ತೂಕ, ಬರೆದುಕೊಟ್ಟ ಕನಿಷ್ಠ ಬೆಲೆ, ಹೊರಗಿನವರು ಹೆಚ್ಚು ಕೊಟ್ಟರೆ ಸಸಿಯ ಸಾಲ ತೀರಿಸಿ ಅವರಿಗೆ ಮಾರುವ ಸ್ವಾತಂತ್ರ್ಯ. ಉಳಿದ ಎರಡು ಎಕರೆಯ ಸುತ್ತ ಬದುವಿಗೆ ಸೀಮೆ ಬಿದಿರು, ಒಳಗೆ ಮುರುಗಲು ಮತ್ತು ಗೇರು. ಅಣ್ಣ ಇವತ್ತು ಬೆಳಿಗ್ಗೆಯೇ ಕೇರಿಯ ಐದು ಮನೆಗಳಿಗೆ ಹೋಗಿ ಮಾತಾಡಿದ್ದಾನೆ, ಮೂವರು ಒಪ್ಪಿದ್ದಾರೆ. ವಕೀಲರೇ, ಆ ಮೂರನೆಯ ಷರತ್ತನ್ನು ಕನ್ನಡದಲ್ಲಿ ಹೇಗೆ ಬರೆಯಬೇಕೆಂದು ತಾವು ತಿಳಿಸಿದರೆ ದೊಡ್ಡ ಉಪಕಾರ.

ಠಾಣೆ ವಾಸಿ, ವೃತ್ತಿಯಿಂದ ವಕೀಲ

ನಮೂನೆಯ ಎಲ್ಲ ಪುಟಗಳ ಚಿತ್ರವನ್ನು ಕಳಿಸಿ, ಭಾನುವಾರದೊಳಗೆ ಬರೆದುಕೊಡುತ್ತೇನೆ. ನಾಲ್ಕೂ ಮನೆಯವರ ಹೆಸರಿನಲ್ಲಿ ಒಂದೇ ಕರಾರು ಇರಲಿ, ಪಹಣಿಯಲ್ಲಿ ಹೆಸರಿರುವ ಹೆಂಗಸರ ಸಹಿಯೂ ಅದರಲ್ಲಿ ಬರಲಿ.

ಮಾಪುಸಾ ವಾಸಿ, ಕಾರವಾರ ಮೂಲ

ಮಾಣಗಾ ಬೀಜದಿಂದ ಬರುವುದು ಅಪರೂಪ. ಗಡ್ಡೆಯಿಂದ ಅಥವಾ ಗೆಣ್ಣಿನ ತುಂಡಿನಿಂದ ಎಬ್ಬಿಸಿದ ಸಸಿಯನ್ನೇ ತರಬೇಕು. ಮೊದಲ ಮಳೆ ಬಿದ್ದ ವಾರದಲ್ಲಿ ನೆಡಬೇಕಾದ್ದರಿಂದ ಈಗಲೇ ಹೇಳಿಡುವುದು ಒಳ್ಳೆಯದು. ಬರುವ ಗುರುವಾರ ನಾನು ಕುಡಾಳಕ್ಕೆ ಹೋಗುತ್ತಿದ್ದೇನೆ. ನಾಲ್ಕು ಮನೆಗೂ ಸೇರಿ ಎಷ್ಟು ಸಸಿ ಬೇಕೆಂದು ಬುಧವಾರದೊಳಗೆ ತಿಳಿಸಿ.